ಹೂ ಕೇಳುವ ಭಾವ

ನಮ್ಮ ಭಾವ ಹುಟ್ಟಿದ ಮೇಲೆ ಸ್ವಂತವಾಗಿ ಒಂದೇ ಒಂದು ತೀರ್ಮಾನ ತೆಗೆದುಕೊಂಡವರಲ್ಲ. ಇದು ಚಾಡಿಯಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಎಮ್ಮೆ ಕೊಳ್ಳುವುದಿರಲಿ, ಹಲ್ಲು ಕೀಳಿಸಲು ಸಾಗರಕ್ಕೆ ಹೋಗುವುದಿರಲಿ, ಹುಲಿಕಲ್ ಹತ್ತಿರದ ಅಮ್ಮನ ಗುಡಿಯಲ್ಲಿ ಹೂ ಕೇಳದೆ ಹೆಜ್ಜೆ ಎತ್ತುವುದಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಭಟ್ಟರು ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಯಾವುದೂ ಬೀಳದಿದ್ದರೆ? ಬೀಳುವವರೆಗೆ ಭಾವ ನಿಲ್ಲುತ್ತಾರೆ. ಭಟ್ಟರಿಗೆ ಹಸಿವಾಗುತ್ತದೆ.

ನನ್ನ ಅಕ್ಕನನ್ನು ನೋಡಿಕೊಂಡು ಹೋದ ಮೇಲೂ ಹೀಗೇ ಕೇಳಿದ್ದರಂತೆ. ಆ ದಿನ ಗುಡಿಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಅಕ್ಕ ಈಗಲೂ ಒಮ್ಮೊಮ್ಮೆ ವಿಚಾರಿಸುವುದುಂಟು.

ಯಾರೋ ಭಕ್ತರು ಗುಡಿಗೆ ಫ್ಯಾನ್ ಹಾಕಿಸಿಕೊಟ್ಟಾಗ ಬೇಡ ಎಂದವರು ಭಾವ ಒಬ್ಬರೇ. ಫ್ಯಾನಿನ ಗಾಳಿಗೆ ಬಿದ್ದದ್ದು ಅಮ್ಮನ ಮಾತಲ್ಲ, ಕರೆಂಟಿನ ಮಾತು ಎಂಬುದು ಅವರ ವಾದ. ಈಗ ಅವರು ಮೆಟ್ಟಿಲು ಹತ್ತುವುದು ಕಂಡರೆ ಭಟ್ಟರೇ ಎದ್ದು ಸ್ವಿಚ್ ಆರಿಸುತ್ತಾರೆ.

ನಾನು ಹಾಗಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು. ರಿಪ್ಪನ್‌ಪೇಟೆಯಲ್ಲಿ ನನ್ನದೇ ಗ್ಯಾರೇಜಿದೆ. ಅದು ಎದ್ದದ್ದು ಈ ಎರಡು ಕೈಯಿಂದ, ಯಾವ ಎಸಳಿನಿಂದಲೂ ಅಲ್ಲ ಎಂದು ಭಾವನ ಎದುರಿಗೇ ಹೇಳುತ್ತಿದ್ದೆ. ಹೋದ ಮಳೆಗಾಲದಲ್ಲಿ ಒಂದು ಪಿಕಪ್ಪಿನ ಗೇರ್‌ಬಾಕ್ಸ್ ಇಳಿಸುವಾಗ ಅದು ಜಾಕಿನಿಂದ ಜಾರಿ ನನ್ನ ಬಲಗೈ ಮೇಲೆ ಕೂತಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಆರು ವಾರ ಬ್ಯಾಂಡೇಜು. ಬಿಚ್ಚಿದ ಮೇಲೆ ಬೆರಳು ಮಡಚುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಮಡಚದ ಕೈಯಲ್ಲಿ ಸ್ಪ್ಯಾನರ್ ನಿಲ್ಲುವುದಿಲ್ಲ. ಸ್ಪ್ಯಾನರ್ ಹಿಡಿಯದ ನಾನು ಎಂಥವನು ಎಂಬುದು ನನಗೂ ಗೊತ್ತಿರಲಿಲ್ಲ.

ನಾನು ಆಸ್ಪತ್ರೆಯಿಂದ ಬಂದ ಮರುದಿನವೇ ಭಾವ ಹೊಸನಗರದ ಕಡೆಯಿಂದ ತಮ್ಮ ಹಳೆಯ ಜೀಪಿನಲ್ಲಿ ಬಂದು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತರು. ಆಮೇಲೆ ದಿನಾ ಬಂದರು. ನಟ್ಟು ಯಾವುದು ಬೋಲ್ಟು ಯಾವುದು ಎಂದು ಅವರಿಗೆ ತಿಳಿಯದು. ಸಮಾಧಾನ ಹೇಳುವುದು ಅವರ ಕೆಲಸ. ಅಮ್ಮ ಯಾರನ್ನೂ ಕೈಬಿಡುವುದಿಲ್ಲ ಎಂಬುದಕ್ಕೆ ಅವರ ಹತ್ತಿರ ಉದಾಹರಣೆಗಳಿದ್ದವು. ನನಗೆ ಹೇಳಿ ಮುಗಿದ ಮೇಲೆ, ಎಡಗೈಯಲ್ಲಾಗುವ ಸಣ್ಣಪುಟ್ಟ ಕೆಲಸಕ್ಕೆ ಬಂದ ಗಿರಾಕಿಗಳಿಗೂ ಹೇಳುತ್ತಿದ್ದರು.

ಒಂದು, ಹುಲಿಕಲ್ ಘಾಟಿಯಲ್ಲಿ ಜೀಪು ಕೆಟ್ಟು ನಿಂತದ್ದು. ಅಮ್ಮ ಯಾರನ್ನಾದರೂ ಕಳಿಸುತ್ತಾಳೆ ಎಂದು ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತರಂತೆ. ಕಳಿಸಿದಳಂತೆ. ಕೇಳುತ್ತಿದ್ದ ಗಿರಾಕಿ ಕೈಮುಗಿದ. ಕಳಿಸಿದ್ದು ಯಾರನ್ನು? ನನ್ನನ್ನೇ. ಗ್ಯಾರೇಜು ಮುಚ್ಚಿ, ಮಳೆಯಲ್ಲಿ ನೆನೆದುಕೊಂಡು ಬೈಕಿನಲ್ಲಿ ಹೋಗಿದ್ದೆ.

"ನೀವು ಫೋನ್ ಮಾಡಿದ್ರಿ, ನಾನು ಬಂದೆ. ಇದ್ರಲ್ಲಿ ಅಮ್ಮಂದು ಎಂತ ಭಾವ?" ಅಂದೆ.

"ಹುಲಿಕಲ್ ಘಾಟೀಲಿ ಸಿಗ್ನಲ್ ಕೊಟ್ಟಿದ್ದು ಯಾರು, ನಿನ್ನ ಸ್ಪ್ಯಾನರಾ?"

ಗಿರಾಕಿ ಇನ್ನೊಮ್ಮೆ ಕೈಮುಗಿದ.

ಇನ್ನೊಂದು ಬೆಂಗಳೂರಿನದು. ದೂರದ ನೆಂಟರ ಮದುವೆಗೆ ಹೋಗಬೇಕೋ ಬೇಡವೋ ಎಂದು ಹೂ ಕೇಳಲು ನಿಂತರು. ಎಸಳು ಬಲಗಡೆಯದೇ ಬಿತ್ತು, ಹೋಗು ಎಂದು. ಆದರೆ ಅದು ಬೀಳುವಷ್ಟರಲ್ಲಿ ತಾಳಗುಪ್ಪದಿಂದ ರೈಲು ಹೊರಟಾಗಿತ್ತು. ಅಮ್ಮ ಹೋಗು ಅಂದ ಮೇಲೆ ಹೋಗದೆ ಇರಲಾದೀತೇ? ಮರುದಿನದ ರೈಲು ಹತ್ತಿದರು. ಛತ್ರ ಅದೇ, ಮದುವೆ ಬೇರೆ ಯಾರದೋ. ಭಾವ ಅಕ್ಷತೆ ಹಾಕಿದರು, ನೆಂಟರಿಗೆಂದು ಒಯ್ದಿದ್ದ ಗೋಡೆ ಗಡಿಯಾರವನ್ನು ಆ ಗಂಡು ಹೆಣ್ಣಿಗೇ ಕೊಟ್ಟು ಫೋಟೋ ತೆಗೆಸಿಕೊಂಡರು, ಕೂತು ಉಂಡು ಬಂದರು. ಗೊತ್ತಿಲ್ಲದ ಊರಲ್ಲಿ ಹಸಿದವನಿಗೆ ಎಲೆ ಹಾಕಿಸಿದ್ದು ಯಾರು ಎಂಬುದು ಅವರ ಪ್ರಶ್ನೆ. ಗಡಿಯಾರ ಯಾರ ಮನೆಯಲ್ಲಿದೆ ಎಂಬುದು ಅಕ್ಕನ ಪ್ರಶ್ನೆ.

ನಾಲ್ಕನೇ ವಾರ ನನ್ನ ತಾಳ್ಮೆ ಹೋಯಿತು. ಹತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಯೊಬ್ಬ ತನ್ನ ವ್ಯಾನನ್ನು ನನ್ನ ಕಣ್ಣೆದುರಿಗೇ ದಾಟಿಸಿಕೊಂಡು ಆಚೆಯ ಗ್ಯಾರೇಜಿಗೆ ಹೋದ. ಭಾವ ಅದಕ್ಕೂ ಅಮ್ಮ ಇದ್ದಾಳೆ ಎಂದರು.

"ಇದ್ರೆ ಬಂದು ಈ ನಟ್ಟು ಬಿಚ್ಲಿ," ಅಂದೆ. "ನಿಮ್ಗೆಂತ ಭಾವ, ಹೂ ಬಿದ್ರೆ ಆಯ್ತು. ಈ ಕೈ ಬರ್ದೇ ಹೋದ್ರೆ ನಾನು ಎಂತ ಮಾಡ್ಲಿ?"

ಭಾವ ಹೊತ್ತಿಗೆ ಮೊದಲೇ ಸ್ಟೂಲಿನಿಂದ ಎದ್ದರು. ಇದು ಅಪರೂಪ. ಟೀ ಅರ್ಧಕ್ಕೇ ಬಿಟ್ಟು ಹೋದರು. ಇದು ಅದಕ್ಕಿಂತ ಅಪರೂಪ.

ಮರುದಿನ ಬಂದದ್ದು ಸಂಜೆಗೆ, ಗುಡಿಯಿಂದ ಸೀದಾ, ಹಣೆಯಲ್ಲಿ ಕುಂಕುಮ. ಜೀಪಿನಿಂದ ಇಳಿಯಲೂ ಇಲ್ಲ.

"ಕೇಳ್ದೆ ಮಾರಾಯ. ಬಲಗಡೆನೇ ಆಯ್ತು. ಇನ್ನು ಸುಮ್ನೆ ಮಲ್ಗು," ಎಂದು ಹೇಳಿ ಹೊರಟರು.

ನಾನು ಇದನ್ನೆಲ್ಲ ನಂಬುವವನಲ್ಲ. ಅಷ್ಟು ದಿನಗಳಲ್ಲಿ ಮೊದಲ ಸಲ ಬೆಳಗಿನವರೆಗೆ ನಿದ್ದೆ ಬಂತು ಎಂಬುದು ಬೇರೆ ವಿಷಯ.

ಬ್ಯಾಂಡೇಜು ಬಿಚ್ಚಿದ ದಿನ ಮೂರು ಬೆರಳು ಮಡಚಿದವು. ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಎರಡು ತಿಂಗಳು ಹಿಚುಕಿದ ಮೇಲೆ ನಾಲ್ಕನೆಯದೂ ದಾರಿಗೆ ಬಂತು. ಕಿರುಬೆರಳು ಮಾತ್ರ ಇನ್ನೂ ನೆಟ್ಟಗೆ ನಿಂತಿದೆ. ಸ್ಪ್ಯಾನರ್ ಹಿಡಿಯಲು ಅದರ ಅಪ್ಪಣೆ ಬೇಕಿಲ್ಲ.

ಆಮೇಲೊಂದು ದಿನ ಗುಡಿಯ ಭಟ್ಟರು ಸ್ಕೂಟರಿಗೆ ಬ್ರೇಕ್ ಕೇಬಲ್ ಹಾಕಿಸಲು ಬಂದರು. ಅವತ್ತು ಭಾವ ನನ್ನ ಕೈ ವಿಷಯ ಕೇಳಿದಾಗ ಅಮ್ಮ ಬಲಗಡೆ ಕೊಟ್ಟದ್ದು ಸುಳ್ಳಾಗಲಿಲ್ಲ ನೋಡಿ ಎಂದೆ. ಮರ್ಯಾದೆಗೆ ಅಂದದ್ದು.

ಭಟ್ಟರು ನನ್ನ ಮುಖ ನೋಡಿದರು. "ಅವತ್ತು ನಿಮ್ಮ ಭಾವ ಹೂ ಕೇಳ್ಲೇ ಇಲ್ವಲ್ಲ. ನಾನು ಎಸಳು ಹಚ್ಚೋಕೆ ಹೋದೆ, ಬೇಡ ಭಟ್ರೇ ಅಂದ್ರು. ಕಂಬಕ್ಕೆ ಒರಗಿ ಕೂತವ್ರು ಮೂರು ಗಂಟೆವರೆಗೆ ಎದ್ದಿಲ್ಲ. ಊಟಕ್ಕೆ ಕರೆದ್ರೂ ಬರ್ಲಿಲ್ಲ."

ಭಾವ ಬಂದಾಗ, ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ಅವರು ಟೀ ಮುಗಿಸಿ ಗ್ಲಾಸು ಕೆಳಗಿಟ್ಟರು.

"ಬೇರೆ ಎಂತದಾದ್ರೂ ಎಡಗಡೆ ಆದ್ರೆ ಬಿಟ್ಟುಬಿಡಬಹುದು," ಅಂದರು. "ನಿನ್ನ ಕೈದು ಎಡಗಡೆ ಆಗಿದ್ರೆ ಯಾವ ಮುಖ ಹೊತ್ಕೊಂಡು ಇಲ್ಲಿಗೆ ಬರ್ಲಿ? ಅದ್ಕೇ ಕೇಳ್ಲಿಲ್ಲ. ಇದೊಂದು ನೀನೇ ನೋಡ್ಕೋ ಅಂತ ಅಮ್ಮಂಗೆ ಹೇಳಿ ಬಂದೆ."

ಮುಂದಿನ ಮಂಗಳವಾರ ಗ್ಯಾರೇಜಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಹುಲಿಕಲ್ ಕಡೆಗೆ ಹೋದೆ. ಹೂ ಕೇಳುವುದಿದೆಯಾ ಎಂದರು ಭಟ್ಟರು. ಇಲ್ಲ ಎಂದೆ. ಭಾವ ಅವತ್ತು ಒರಗಿದ್ದು ಯಾವ ಕಂಬಕ್ಕೆ ಎಂದಷ್ಟೇ ಕೇಳಿ, ಅದಕ್ಕೇ ಒರಗಿ ಕೂತೆ.