ಆನೆ ಬೀಳಿಸಿದ ಸಿಂಧೂರಳಿಗೆ ಸೊನ್ನೆ ಬಂದ ಬಗ್ಗೆ

ದಿನಾಂಕ: 20-8-2007

ಇಂದ:
ಹಂಸಾ ದಕ್ಷಿಣಾಮೂರ್ತಿ,
ಗಣಿತ ಶಿಕ್ಷಕಿ, ನಾಲ್ಕನೇ ತರಗತಿ ‘ಬಿ’ ವಿಭಾಗ

ಗೆ:
ಶ್ರೀ ವೆಂಕಟಸುಬ್ಬಯ್ಯನವರು,
ನಿವೃತ್ತ ಅಧೀನ ಕಾರ್ಯದರ್ಶಿಗಳು, ಹಾಲಿ ಗೌರವ ಕಾರ್ಯದರ್ಶಿಗಳು,
ಶಾಲಾ ಆಡಳಿತ ಮಂಡಳಿ, ಪೀತಮ್‌ಪುರ, ದೆಹಲಿ

ವಿಷಯ: ಕುಮಾರಿ ಸಿಂಧೂರಳನ್ನು ಮಂದಗತಿಯ ‘ಸಿ’ ವಿಭಾಗಕ್ಕೆ ಕಳಿಸುವ ಆದೇಶವನ್ನು ಹಿಂಪಡೆಯುವ ಕುರಿತು.

ಉಲ್ಲೇಖ: ಕಂಪ್ಯೂಟರ್ ವರದಿ, ದಿನಾಂಕ 6-8-2007. ‘ಭಿನ್ನರಾಶಿ: ಇಪ್ಪತ್ತಕ್ಕೆ ಸೊನ್ನೆ.’

ಮಾನ್ಯರೇ,

ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಬಿ.ಎಡ್. ಮುಗಿಸಿದವಳು ಕಂಪ್ಯೂಟರಿನ ಮೇಲೆ ಮಾತಾಡುವುದು ಅಧಿಕಪ್ರಸಂಗ. ಅದಕ್ಕೆ ಮೊದಲೇ ಕ್ಷಮೆ ಕೋರಿ, ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಹೊಸ ಸ್ಮಾರ್ಟ್ ಕ್ಲಾಸಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದು ಉತ್ತರದ ಗುಂಡಿ ಒತ್ತುತ್ತಾರೆ, ಉಳಿದವರು ಪರದೆ ನೋಡುತ್ತಾರೆ. ಉತ್ತರ ಸರಿಯಾದರೆ ಒಂದು ಹಸಿರು ಟಿಕ್ ಬರುತ್ತದೆ. ತಪ್ಪಾದರೆ ಒಂದು ಆನೆ ಬಂದು ಕಾಲು ಜಾರಿ ಕೆಸರಿಗೆ ಬೀಳುತ್ತದೆ. ಇದು ಮಕ್ಕಳಿಗೆ ನಿರುತ್ಸಾಹವಾಗದಿರಲೆಂದು ಕಂಪನಿಯವರು ಮಾಡಿದ ಏರ್ಪಾಡು. ಮಕ್ಕಳಿಗೆ ಸ್ವಲ್ಪವೂ ನಿರುತ್ಸಾಹವಾಗಿಲ್ಲ.

2. ಸಿಂಧೂರ ಇಪ್ಪತ್ತು ಸಲ ಆನೆ ಬೀಳಿಸಿದಳು. ವಿಚಾರಿಸಲಾಗಿ, “ಮಿಸ್, ಸಹೀ ಉತ್ತರ ಒತ್ತಿದ್ರೆ ಕುಛ್ ನಹೀ ಹೋತಾ, ಬರೀ ಟಿಕ್. ಗಲತ್ ಒತ್ತಿದ್ರೆ ಸಬ್ ನಗ್ತಾರೆ” ಎಂದಳು. ಇದೇ ಇಪ್ಪತ್ತು ಲೆಕ್ಕಗಳನ್ನು ಬೋರ್ಡಿನ ಮೇಲೆ ಬರೆದುಕೊಟ್ಟೆ. ಎಲ್ಲವನ್ನೂ ಸರಿಯಾಗಿ ಮಾಡಿದಳು. ಸೀಮೆಸುಣ್ಣದಿಂದ ಆನೆ ಬರುವುದಿಲ್ಲವಾದ ಕಾರಣ ಯಾರೂ ನಗಲಿಲ್ಲ.

3. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರಗಳಿವೆ. ಏನೂ ತಿಳಿಯದವರಿಗೂ ನಾಲ್ಕೈದು ಸರಿಯಾಗಿಬಿಡುತ್ತವೆ. ಪ್ರಯೋಗಾರ್ಥ ನಾನೇ ಕಣ್ಣು ಮುಚ್ಚಿ ಒತ್ತಿದೆ, ಆರು ಸರಿ ಬಂದವು. ಆದ್ದರಿಂದ ಕಣ್ಣು ಮುಚ್ಚಿದ ನಾನು ‘ಬಿ’ ವಿಭಾಗಕ್ಕೆ ಅರ್ಹಳೆಂದು ವರದಿ ಬಂದಿದೆ. ಇಪ್ಪತ್ತೂ ತಪ್ಪಾಗಬೇಕಾದರೆ ಇಪ್ಪತ್ತೂ ಸರಿ ಉತ್ತರ ಗೊತ್ತಿರಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ. ನನ್ನ ಲೆಕ್ಕ ತಪ್ಪಿದ್ದರೂ ಇರಬಹುದು.

4. ಇದನ್ನು ಕಂಪನಿಯ ಶ್ರೀ ಮಹಂತೇಶ್ ಅವರಿಗೆ ತಿಳಿಸಿದೆ. “ಮೇಡಂ, ಡೇಟಾ ಸುಳ್ಳು ಹೇಳಲ್ಲ. ಆನೆ ನಮ್ಮ ಬೆಸ್ಟ್ ಫೀಚರ್” ಎಂದರು. ತಮ್ಮಲ್ಲಿಗೆ ಬಂದಾಗ ತಾವು, “ನೋಡಮ್ಮ, ನಲವತ್ತು ವರ್ಷ ಫೈಲ್ ನೋಡಿದ್ದೀನಿ. ಮಗು ಬಾಯಲ್ಲಿ ಹೇಳಿದ್ದು ರೆಕಾರ್ಡ್ ಅಲ್ಲ, ಪ್ರಿಂಟೌಟ್ ರೆಕಾರ್ಡು” ಎಂದು ಅಪ್ಪಣೆ ಕೊಡಿಸಿದಿರಿ. ಅದಕ್ಕೇ ಈ ಅರ್ಜಿಯನ್ನು ಕಾಗದದ ಮೇಲೆ ಸಲ್ಲಿಸುತ್ತಿದ್ದೇನೆ.

5. ಹದಿನಾಲ್ಕು ವರ್ಷದ ನನ್ನ ಪಾಠದಲ್ಲಿ ಯಾರೂ ಅಷ್ಟು ನಕ್ಕಿದ್ದಿಲ್ಲ. ಈ ಲೋಪ ನನ್ನದು.

ಆದ್ದರಿಂದ ಸಿಂಧೂರಳನ್ನು ‘ಬಿ’ ವಿಭಾಗದಲ್ಲೇ ಉಳಿಸಬೇಕೆಂದೂ, ಇನ್ನು ಮುಂದೆ ಸರಿ ಉತ್ತರಕ್ಕೇ ಆನೆ ಬೀಳುವಂತೆ ಕಂಪನಿಗೆ ಸೂಚಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಆನೆ ಒಪ್ಪದಿದ್ದಲ್ಲಿ, ಕಣ್ಣು ಮುಚ್ಚಿ ಆರು ಅಂಕ ಪಡೆದ ನನ್ನನ್ನೂ ಅವಳ ಜೊತೆ ‘ಸಿ’ ವಿಭಾಗಕ್ಕೆ ಕಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಸ್ವಲ್ಪ ಹೆದರಿರುವ,
ಹಂಸಾ ದಕ್ಷಿಣಾಮೂರ್ತಿ

ಅಡಕಗಳು:
1. ಸಿಂಧೂರಳ ಸೊನ್ನೆ, ಪ್ರಿಂಟೌಟ್.
2. ನನ್ನ ಆರು, ಪ್ರಿಂಟೌಟ್.
3. ಬೋರ್ಡಿನ ಮೇಲಿನ ಇಪ್ಪತ್ತು ಲೆಕ್ಕ. (ಅಳಿಸಿಹೋದ ಕಾರಣ ಲಗತ್ತಿಸಿಲ್ಲ.)

ವಿಶೇಷ ಸೂಚನೆ: ಆದೇಶದ ಸುದ್ದಿ ತರಗತಿಗೆ ತಿಳಿದಂದಿನಿಂದ ಸಿಂಧೂರ ಕೈ ಎತ್ತುತ್ತಿಲ್ಲ. ಕರೆದರೆ ಎದ್ದು ನಿಂತು ನೆಲ ನೋಡುತ್ತಾಳೆ. ಅವಳಿಗೆ ಈಗ ಉತ್ತರ ಗೊತ್ತಿದೆಯೋ ಇಲ್ಲವೋ, ನನಗೆ ತಿಳಿಯುತ್ತಿಲ್ಲ.