ಕೊನೆಯ ಅಧ್ಯಾಯ ನುಂಗಿದ ಪಾಜ್ ಮತ್ತು ರೆಸ್ಯೂಮ್ ಮಹಾಶಯರಿಗೆ

ಮಾನ್ಯರೇ,

ಅಂತರ್ಜಾಲದಲ್ಲಿ ಹರಿದು ಬರುವ ಮಾಹಿತಿಯನ್ನು ಕ್ಷಣಮಾತ್ರದಲ್ಲಿ ತಡೆದು ನಿಲ್ಲಿಸುವ ಶ್ರೀ ಪಾಜ್ ಅವರಿಗೂ, ನಿಂತದ್ದನ್ನು ಮತ್ತೆ ಹರಿಯಬಿಡುವುದಾಗಿ ಕೈಪಿಡಿಯಲ್ಲಿ ಮಾತು ಕೊಟ್ಟಿರುವ ಶ್ರೀ ರೆಸ್ಯೂಮ್ ಅವರಿಗೂ, ತಮ್ಮಂಥ ಸಿದ್ಧ ಆಜ್ಞೆಗಳಿಗೆ ನೆಲೆ ಕೊಟ್ಟು ಸಾಕುತ್ತಿರುವ ಕೋಡ್ ಲೈಬ್ರರಿಗೂ ಬಡ ಪ್ರೋಗ್ರಾಮರನೊಬ್ಬನ ಅನಂತ ನಮಸ್ಕಾರಗಳು. ಇತ್ತ ನಾನು ಕ್ಷೇಮವಾಗಿಲ್ಲ. ತಮ್ಮ ಕ್ಷೇಮಕ್ಕೆ ಯಾವ ಕುಂದೂ ಬಂದಿರಲಾರದೆಂದು ಬಲ್ಲೆ, ಏಕೆಂದರೆ ಏನೇ ಅನಾಹುತವಾದರೂ ತಾವು ಕೊಡುವ ಉತ್ತರ 'ಎಲ್ಲ ಸರಿಯಾಗಿದೆ' ಎಂಬುದೊಂದೇ.

ನನ್ನ ಅತ್ತೆಯವರ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾದಾಗ, ಅಳಿಯನ ವಿದ್ಯೆ ಒಮ್ಮೆಯಾದರೂ ಮನೆಯ ಉಪಯೋಗಕ್ಕೆ ಬರಲೆಂದು ನಾನೊಂದು ಪುಟ್ಟ ಯಂತ್ರ ಮಾಡಿಕೊಟ್ಟೆ. ಧ್ವನಿಪುಸ್ತಕದ ಸಂಸ್ಥೆಯೊಂದರಿಂದ ಪತ್ತೇದಾರಿ ಕಾದಂಬರಿಯ ಓದು ಹರಿದು ಬರುತ್ತಿದ್ದಂತೆಯೇ ಅದರಲ್ಲಿ ಕೇಳಿಸುತ್ತದೆ. ಮೇಲಿನ ದಪ್ಪ ಗುಂಡಿ ಒತ್ತಿದರೆ ತಾವು ನಿಲ್ಲಿಸಬೇಕು, ಮತ್ತೆ ಒತ್ತಿದರೆ ಮುಂದುವರಿಸಬೇಕು. ನಿಲ್ಲಿಸುವುದರಲ್ಲಿ ಅತ್ತೆಯವರದು ಮೊದಲಿನಿಂದಲೂ ಪಳಗಿದ ಕೈ. ನಮ್ಮ ಮದುವೆಯ ದಿನ ನೆಂಟರ ಮುಂದೆ "ಅಳಿಯಂದ್ರು ಒಳ್ಳೇವ್ರೇ, ಆದ್ರೆ" ಎಂದು ಶುರು ಮಾಡಿದವರು, ಫೋಟೋದವನು ಈ ಕಡೆ ನೋಡಿ ಎಂದದ್ದೇ ಮಾತು ನಿಲ್ಲಿಸಿ ಕ್ಯಾಮೆರಾಕ್ಕೆ ನಕ್ಕರು. ಆ ವಾಕ್ಯದ ಉಳಿದ ಭಾಗ ನನಗಿನ್ನೂ ತಲುಪಿಲ್ಲ.

ಇಂಥವರ ಕೈಗೆ ಗುಂಡಿ ಸಿಕ್ಕರೆ ಕೇಳಬೇಕೆ. ಸೀನು ಬಂದರೆ ನಿಲ್ಲಿಸಿದರು, ಹಾಲು ಉಕ್ಕಿದರೆ ನಿಲ್ಲಿಸಿದರು, ಕತೆಯ ಪತ್ತೇದಾರನಿಗೆ ಬುದ್ಧಿ ಹೇಳಬೇಕೆನಿಸಿದಾಗಲೆಲ್ಲ ನಿಲ್ಲಿಸಿದರು. ಪ್ರತಿ ಸಲ ಮುಂದುವರಿಸುವಾಗಲೂ ತಾವು, ನಿಲ್ಲಿಸುವ ಹೊತ್ತಿಗೆ ಆಗಲೇ ಕೇಳಿಸಿದ್ದ ಓದಿನ ತುಂಡನ್ನೇ ಮತ್ತೊಮ್ಮೆ ತಂದುಕೊಟ್ಟಿರಿ. ಇದು ತಮ್ಮ ಪದ್ಧತಿಯೆಂದು ಕೈಪಿಡಿಯಲ್ಲಿ ಬರೆದಿದೆಯಂತೆ. ಕೈಪಿಡಿ ಓದುವಷ್ಟು ಹತಾಶೆ ನನಗೆ ಆಗಿನ್ನೂ ಬಂದಿರಲಿಲ್ಲ. ಹೀಗಾಗಿ 'ಮಾಲಿ ಕೈ ತೊಳೆದುಕೊಂಡ' ಎಂಬ ಸಾಲು ಎರಡು ಸಲ ಕೇಳಿಸಿತು. "ಅಳಿಯಂದ್ರೇ, ಬರೆಯೋರೇನು ಸುಮ್ನೆ ಎರಡೆರಡು ಸಲ ಹೇಳ್ತಾರಾ? ಮಾಲೀನೇ ಕೊಂದಿರೋದು," ಎಂದರು ಅತ್ತೆ. ಮರುದಿನ ನ್ಯಾಯಾಧೀಶರು ಎರಡು ಸಲ ಕೆಮ್ಮಿದರು, ಅಂಚೆಯವನು ಎರಡು ಸಲ ಕೊಡೆ ಮಡಚಿದ. ಅವರಿಬ್ಬರೂ ಕೊಲೆಯಲ್ಲಿ ಮಾಲಿಯ ಪಾಲುದಾರರೆಂದಾಯಿತು. ಹಳೆಯ ನೆನಪಿನ ಪ್ರಸಂಗವೊಂದರಲ್ಲಿ ಕೊಲೆಯಾದವನೇ ಎರಡು ಸಲ ಆಕಳಿಸಿದ್ದರಿಂದ ಅವನ ಮೇಲೂ ಒಂದು ಕಣ್ಣಿಡಬೇಕಾಯಿತು.

ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ "ಕೊಲೆಗಾರ ಬೇರೆ ಯಾರೂ ಅಲ್ಲ" ಎಂದದ್ದೇ ತಡ, ಅತ್ತೆಯವರು ಗುಂಡಿ ಒತ್ತಿದರು. ತಮ್ಮ ತೀರ್ಪು ಪತ್ತೇದಾರನಿಗಿಂತ ಮೊದಲು ಹೊರಬೀಳಬೇಕಲ್ಲ. ಸ್ನಾನಕ್ಕೆ ಹೋಗಿದ್ದ ನನ್ನ ಹೆಂಡತಿಯನ್ನೂ, ಪಕ್ಕದ ಮನೆಯ ದರ್ಜಿಯನ್ನೂ ಕರೆಸಿ, ಎಲ್ಲರನ್ನೂ ಸಾಲಾಗಿ ಕೂರಿಸಿ, ಮಾಲಿಯ ಅಪರಾಧವನ್ನು ಸಾಂಗವಾಗಿ ಸಾಬೀತುಪಡಿಸಿ, ಆಮೇಲೆ ಮತ್ತೆ ಒತ್ತಿದರು. ಅಷ್ಟರಲ್ಲಿ ಧ್ವನಿಪುಸ್ತಕದವರ ಕಡೆಯ ಯಂತ್ರ ಕಾದು ಕಾದು ಬೇಸತ್ತು ಸಂಪರ್ಕ ಕಡಿದುಕೊಂಡಿತ್ತು. ಆದರೂ ಶ್ರೀ ರೆಸ್ಯೂಮ್ ಅವರು ಎಳ್ಳಷ್ಟೂ ಅಳುಕದೆ 'ಎಲ್ಲ ಸರಿಯಾಗಿದೆ' ಎಂದರು, "ಕೊಲೆಗಾರ ಬೇರೆ ಯಾರೂ ಅಲ್ಲ" ಎಂಬುದನ್ನು ವಾಡಿಕೆಯಂತೆ ಇನ್ನೊಮ್ಮೆ ಕೇಳಿಸಿದರು, ಹಾಗೂ ಶಾಶ್ವತವಾಗಿ ಸುಮ್ಮನಾದರು. ಸತ್ತ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡು ಇಷ್ಟು ಶಾಂತವಾಗಿ ಶುಭವಾರ್ತೆ ಹೇಳಬಲ್ಲ ತಮ್ಮಂಥವರು ಆಸ್ಪತ್ರೆಯ ವಿಚಾರಣೆಯ ಕಿಟಕಿಯಲ್ಲಿ ಕೂರಬೇಕಾದವರು.

ಆಸ್ಪತ್ರೆ ಎಂದಾಗ ನೆನಪಾಯಿತು. ಅತ್ತೆಯವರ ಕಣ್ಣಿನ ಆಪರೇಷನ್ನಿಗೆ ಬಹಳ ಕಾದು ಸಿಕ್ಕ ದಿನ ಅದೇ ವಾರವಿತ್ತು. ಅದು ತಪ್ಪಿದರೆ ಮುಂದಿನ ಸರದಿಯವರೆಗೆ ಕಣ್ಣು ಉಳಿಯುವ ಭರವಸೆ ಇಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅತ್ತೆಯವರು ಅಷ್ಟೇ ಖಡಾಖಂಡಿತವಾಗಿ ಹೇಳಿದರು: "ಕೊಂದಿದ್ದು ಯಾರು ಅಂತ ಗೊತ್ತಾಗ್ದೆ ನಾನು ಆ ಟೇಬಲ್ ಮೇಲೆ ಮಲಗಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಮೇಲೆ ಹೋಗಿ ಯಾರನ್ನ ಕೇಳ್ಲಿ?" ಹೆಂಡತಿ ಅತ್ತಳು, ನಾನು ಕಾಲಿಗೆ ಬಿದ್ದೆ. ಧ್ವನಿಪುಸ್ತಕದವರು, ಒಬ್ಬರಿಗೆ ಒಂದು ಪುಸ್ತಕ ಒಂದೇ ಸಲ, ನಿಮಗೆ ಪೂರ್ತಿ ಮುಟ್ಟಿದೆಯೆಂದು ನಿಮ್ಮ ಯಂತ್ರವೇ ಒಪ್ಪಿದೆ ಎಂದರು. ಅಚ್ಚಾದ ಪುಸ್ತಕವನ್ನು ಗ್ರಂಥಾಲಯದಿಂದ ಯಾರೋ ಒಯ್ದಿದ್ದರು.

ಗತಿಯಿಲ್ಲದೆ ಬಚ್ಚಲುಮನೆಯಲ್ಲಿ ರಗ್ಗು ಹೊದ್ದು ಕೂತು, ಆ ಓದುಗನ ಗಂಭೀರ ಧ್ವನಿಯನ್ನು ಅನುಕರಿಸಿ, ಕೊನೆಯ ಅಧ್ಯಾಯವನ್ನು ನಾನೇ ಕಟ್ಟಿ ಹೇಳಿ ಯಂತ್ರಕ್ಕೆ ತುಂಬಿದೆ. ಕತೆಯ ಡಾಕ್ಟರನ್ನು ಕೊಲೆಗಾರ ಮಾಡಿದರೆ ಅತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಮಾಲಿಯನ್ನು ಮಾಡಿದರೆ ಅವರನ್ನು ಆಮೇಲೆ ಹಿಡಿಯುವವರಿಲ್ಲ. ಅವರು ಇನ್ನೂ ಅನುಮಾನಿಸದೆ ಉಳಿದವನು ಕತೆಯ ಮನೆಯ ಅಳಿಯನೊಬ್ಬನೇ ಆದ್ದರಿಂದ ಅವನ ಕೈಗೇ ಕೋಳ ತೊಡಿಸಿದೆ. "ನಂಗೆ ಅಳಿಯನ ಮೇಲೆ ಮೊದ್ಲಿಂದ್ಲೂ ಅನುಮಾನ ಇತ್ತು," ಎಂದು ಅತ್ತೆಯವರು ತೃಪ್ತಿಯಿಂದ ಹೋಗಿ ಟೇಬಲ್ ಮೇಲೆ ಮಲಗಿದರು. ಕಣ್ಣು ಬಂತು. ಪಟ್ಟಿ ಬಿಚ್ಚಿದ ದಿನ ಅವರು ನನ್ನ ಮುಖವನ್ನು ಗುರುತಿಸಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಹೊಸ ಕಣ್ಣಿನಿಂದ ಅವರು ಓದಲು ತರಿಸಿಕೊಂಡ ಮೊದಲ ಪುಸ್ತಕ ಯಾವುದೆಂದು ತಾವು ಊಹಿಸಬಲ್ಲಿರಿ. ಗ್ರಂಥಾಲಯಕ್ಕೆ ಅದು ವಾಪಸ್ಸು ಬಂದಿತ್ತು; ಹೆಂಡತಿಯೇ ಪ್ರೀತಿಯಿಂದ ತಂದುಕೊಟ್ಟಳು. ಈಗಷ್ಟೇ ಅತ್ತೆಯವರು ಕೊನೆಯ ಪುಟ ಮುಗಿಸಿ, ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ನನ್ನನ್ನೇ ನೋಡುತ್ತ ಕೂತಿದ್ದಾರೆ. ಕೊಂದವನು ಮಾಲಿಯೇ.

ಅವರು ಒಂದು ಮಾತೂ ಆಡುತ್ತಿಲ್ಲ. ನಿಂತಿರುವಾಗ ಬಂದದ್ದನ್ನೆಲ್ಲ ಒಳಗೆ ಕೂಡಿಟ್ಟುಕೊಂಡು, ಮುಂದುವರಿಸಿದ ಕೂಡಲೇ ಒಟ್ಟಿಗೆ ಸುರಿಯುವುದೂ ತಮ್ಮ ಪದ್ಧತಿಯೆಂದು ಕೈಪಿಡಿಯಲ್ಲಿದೆ. ಅದನ್ನೀಗ ಪೂರ್ತಿ ಓದಿಕೊಂಡಿದ್ದೇನೆ. ಆದ್ದರಿಂದ ಶ್ರೀ ಪಾಜ್ ಅವರು ದಯಮಾಡಿ ನಮ್ಮ ಮನೆಗೆ ಬಂದು ಅತ್ತೆಯವರನ್ನು ನಾನು ನಿವೃತ್ತನಾಗುವವರೆಗೆ ಹೀಗೆಯೇ ತಡೆದು ನಿಲ್ಲಿಸಬೇಕೆಂದೂ, ಶ್ರೀ ರೆಸ್ಯೂಮ್ ಅವರು ತಮ್ಮ ಎಂದಿನ ಸಾಮರ್ಥ್ಯವನ್ನೇ ತೋರಿ ಏನನ್ನೂ ಮುಂದುವರಿಸಬಾರದೆಂದೂ ಕೈಮುಗಿದು ಬೇಡಿಕೊಳ್ಳುತ್ತೇನೆ.

ನಿಂತ ಸಂಪರ್ಕದ ಈ ತುದಿಯಲ್ಲಿ ಕೂತಿರುವ,
ತಮ್ಮ ವಿಶ್ವಾಸಿ,
ಒಳ್ಳೆಯವನೇ ಆದ ಅಳಿಯ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಅತ್ತೆಯವರು ಬಾಯಿ ತೆರೆದರು. ಮದುವೆಯ ದಿನ "ಆದ್ರೆ" ಎಂದು ನಿಲ್ಲಿಸಿದ್ದ ವಾಕ್ಯವನ್ನು, ಅದರ ಮುಂದಿನ ಶಬ್ದದಿಂದಲೇ ಎತ್ತಿಕೊಂಡಿದ್ದಾರೆ. ಇಷ್ಟು ವರ್ಷ ನಿಂತಿದ್ದರೂ ಸಂಪರ್ಕ ಕಡಿದಿಲ್ಲ, ಒಂದಕ್ಷರ ಸೋರಿಲ್ಲ, ಹೇಳಿದ್ದನ್ನು ಎರಡನೆಯ ಸಲ ಹೇಳುತ್ತಿಲ್ಲ. ತಮ್ಮನ್ನು ಬರೆದ ಮಹನೀಯರು ಕೆಲಸ ಕಲಿಯಲು ಬರುವುದಾದರೆ ಅವಸರವೇನಿಲ್ಲ. ಮಾತು ಇನ್ನೂ ನಡೆಯುತ್ತಿದೆ.