ಮೊಮ್ಮಗಳ ಕಾರಿಗೆ ನಾನು ಮಾಡಿದ ಆರೈಕೆ

ನಮ್ಮ ಸವಿತಾ ಕಾರು ತಗೊಂಡಳು! ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಕಾರು ಮನೆ ಮುಂದೆ ನಿಂತಿದೆ. ಕೀಲಿ ನನ್ನ ಮೊಮ್ಮಗಳ ಕೈಯಲ್ಲಿದೆ. ನಮ್ಮ ವಂಶದಲ್ಲಿ ಇದುವರೆಗೆ ನಾಲ್ಕು ಗಾಲಿಯದ್ದು ಅಂತ ಇದ್ದದ್ದು ತರಕಾರಿ ಮಾರುವ ತಳ್ಳುಗಾಡಿ ಒಂದೇ. ಅದೂ ಬಾಡಿಗೆಯದು.

ಸವಿತಾ ದನದ ಡಾಕ್ಟರು. ಮನೆ ಮಾನ್ವಿಯಲ್ಲಿ, ಕೆಲಸ ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ. ಎಮ್ಮೆ ಬಸ್ಸಿನ ಟೈಮು ನೋಡಿಕೊಂಡು ಈಯುವುದಿಲ್ಲವಲ್ಲ, ಅದಕ್ಕೆ ಕಾರು ಬೇಕಾಯಿತು. ಯಾವುದೋ ಒಂದು ಕಾರು ಆಗಿದ್ದರೂ ನಡೆಯುತ್ತಿತ್ತು. ಆದರೆ ಅವಳ ಮನಸ್ಸು ಹೋದದ್ದು ರಾಯಚೂರಿನ ಹಳೇ ಕಾರಿನ ಅಂಗಡಿಯಲ್ಲಿ ನಿಂತಿದ್ದ ಈ ಒಂದರ ಮೇಲೆ. ಬಿಳಿ ಬಣ್ಣ, ಗಿಡ್ಡ ಮೈ, ಹಿಂದೆ ಮೇಲಕ್ಕೆತ್ತುವ ಬಾಗಿಲು. ನೋಡಲು ಆಡಿನ ಮರಿ, ಓಡಲು ಕುದುರೆ.

"ಇದಕ್ಕ ಟರ್ಬೊ ಅದ ಅಜ್ಜಿ," ಎಂದಳು.

ಟರ್ಬೊ ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ಆದರೂ ಸಂಜೆಯೊಳಗೆ ಓಣಿಯ ಎಲ್ಲಾ ಮನೆಗೂ ಹೋಗಿ ಹೇಳಿ ಬಂದೆ.

ಕಾರು ಹಿಡಿಸದೇ ಇದ್ದದ್ದು ನನ್ನ ಮಗ, ಅಂದರೆ ಸವಿತಾಳ ಅಪ್ಪ ಅಮರೇಶನಿಗೆ ಮಾತ್ರ. ಅವನು ಬಸ್ ಕಂಡಕ್ಟರ್. ಇಪ್ಪತ್ತೈದು ವರ್ಷ ಡ್ರೈವರಿನ ಹಿಂದೆ ನಿಂತಿದ್ದಾನೆ. ಹೀಗಾಗಿ ಗಾಡಿಯ ಬಗ್ಗೆ ಡ್ರೈವರಿಗಿಂತ ತನಗೇ ಹೆಚ್ಚು ಗೊತ್ತು ಎಂಬುದು ಅವನ ನಂಬಿಕೆ.

"ಇಂಥಾ ಗಾಡಿ ಹುಡುಗರು ಹೊಡದು ಹೊಡದು ಅರ್ಧ ಜೀವ ತಗದಿರ್ತಾರ," ಎಂದ. "ಪಸಂದ್ ಬರ್ಲಿಲ್ಲ ಅಂದ್ರ ಒಂದು ವಾರದಾಗ ವಾಪಸ್ ತಗೊಂತೀನಿ ಅಂದಾನ ಅಂಗಡಿಯಂವ. ಐತವಾರ ಸಂಜಿ ಐದರ ಒಳಗ ಇದು ಒಂದು ಸಲ ಕೊಂಯ್ ಅಂದ್ರೂ ಸೈ, ಹೊಳ್ಳಿ ಕೊಟ್ಟು ಬರೂದು!"

ಸವಿತಾ ಒಪ್ಪಿಕೊಂಡಳು. ಒಪ್ಪಿಕೊಂಡು ನನ್ನ ಕಡೆ ನೋಡಿದಳು. ಆ ಮುಖ ನೋಡಿ ನಾನು ಒಳಗೊಳಗೇ ಆಣೆ ಮಾಡಿದೆ. ಈ ಏಳು ದಿನ ಕಾರು ಕೊಂಯ್ ಅನ್ನದಂತೆ ಕಾಯುವ ಭಾರ ನನ್ನದು!

ನನ್ನ ಓದು ಅಷ್ಟಕ್ಕಷ್ಟೇ. ಆದರೆ ಹೊಲಿಗೆ ಮಷಿನ್ ತುಳಿದದ್ದು ನಲವತ್ತು ವರ್ಷ. ಒಂದೇ ಮಷಿನ್. ಇವತ್ತಿನವರೆಗೆ ರಿಪೇರಿಯ ಮುಖ ಕಂಡಿಲ್ಲ. ದಿನಾ ಧೂಳು ಒರೆಸುತ್ತೇನೆ, ಎಣ್ಣೆ ಬಿಡುತ್ತೇನೆ, ಮೇಲೆ ಬಟ್ಟೆ ಮುಚ್ಚುತ್ತೇನೆ. ಓಣಿಯಲ್ಲಿ ಯಾರ ಫ್ಯಾನು ಕಟಕಟ ಎಂದರೂ, ಯಾರ ಬಾಗಿಲು ಕಿರಗುಟ್ಟಿದರೂ ಮೊದಲು ನನಗೆ ಕರೆ ಬರುತ್ತದೆ. ನನ್ನ ಹೆಸರೇ ಮಷಿನ್ ಅಜ್ಜಿ.

ಸವಿತಾಳೂ ನನ್ನ ಹಾಗೆಯೇ. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ಒಂದು ಉದ್ದನೆಯ ಕಡ್ಡಿ ಎಳೆದು, ಎಣ್ಣೆ ಎರಡು ಗುರುತಿನ ನಡುವೆ ಇದೆಯೇ ಎಂದು ನೋಡುತ್ತಿದ್ದಳು. ಗಾಲಿಯ ಗಾಳಿ ನೋಡುತ್ತಿದ್ದಳು, ನೀರು ನೋಡುತ್ತಿದ್ದಳು.

"ಕೆಟ್ಟ ಮ್ಯಾಲ ಓಡಾಡೂದಲ್ಲ ಅಜ್ಜಿ. ಕೆಡಾಕಿಂತ ಮೊದ್ಲ ನೋಡ್ಕೊಬೇಕು. ದನಕ್ಕ ಲಸಿಕಿ ಹಾಕ್ತೀವಲ್ಲ, ಹಂಗ."

ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಓದಿದವಳ ಮಾತೂ ನನ್ನ ಮಾತೂ ಒಂದೇ! ಐದು ದಿನ ನಾನು ಸುಮ್ಮನೆ ನೋಡಿದೆ. ಐದೂ ದಿನ ಕಾರು ಹೂವಿನಂತೆ ಓಡಿತು. ಆರನೇ ದಿನ ನಾನು ಕೈ ಹಾಕಿದೆ.

ಅದು ಶನಿವಾರ ಸಂಜೆ. ಗಬ್ಬೂರಿನ ದಾರಿಯ ಧೂಳೆಲ್ಲ ಕಾರಿನ ಮೇಲಿತ್ತು. ನಾಲ್ಕು ಕೊಡ ನೀರು ಹೊಯ್ದು, ಗಾಲಿಯ ಸಂದಿ ಸಂದಿ ಬಿಡದೆ ತೊಳೆದೆ. ಆಮೇಲೆ ಕೌದಿ ಹೊದಿಸಿದೆ. ಹುಟ್ಟಿದ ಕೂಸಿಗೆ ಅಜ್ಜಿಯಾದವಳು ಹಳೇ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುವುದು ನಮ್ಮ ಪದ್ಧತಿ. ಮನೆಗೆ ಬಂದ ಕಾರೂ ಕೂಸೇ ಅಲ್ಲವೇ? ಐದು ದಿನ ಕೂತು, ಗಾಲಿಯೂ ಮುಚ್ಚುವಷ್ಟು ದೊಡ್ಡದು ಹೊಲಿದಿದ್ದೆ. ಕಾರು ಇನ್ನೂ ಒದ್ದೆ ಇತ್ತು. ಇರಲಿ, ಒಳಗೆ ಬೆಚ್ಚಗಿರುತ್ತದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಕೌದಿ ಎತ್ತಿದರೆ ಕಾರಿನ ನೆತ್ತಿಯ ಮೇಲೆ ಓಕುಳಿ! ನನ್ನ ಕೆಂಪು ಸೀರೆ ಒಂದು ಕಡೆ, ಸೊಸೆಯ ನೀಲಿ ಸೀರೆ ಇನ್ನೊಂದು ಕಡೆ ಬಣ್ಣ ಬಿಟ್ಟಿದ್ದವು. ಸವಿತಾ ಒಂದು ಗಳಿಗೆ ನೋಡಿದಳು.

"ಚಂದ ಅದ ಅಜ್ಜಿ," ಎಂದು ಹೇಳಿ, ಬಟ್ಟೆ ತಂದು ಒಂದು ತಾಸು ಉಜ್ಜಿದಳು.

ಅಂದು ಕಾರಿನ ಪರೀಕ್ಷೆಯ ದಿನ. ಮನೆಮಂದಿಯೆಲ್ಲ ಕೂತು ಚೀಕಲಪರ್ವಿಯ ಹೊಳೆ ದಂಡೆಗೆ ಹೋಗಿಬರುವುದು, ಏನೂ ತೊಂದರೆ ಇಲ್ಲವಾದರೆ ಕಾರು ನಮ್ಮದು ಎಂದು ಅಮರೇಶ ಹೇಳಿದ್ದ. ಸವಿತಾ ಕಾರನ್ನು ತಿರುಗಿಸಿ ನಿಲ್ಲಿಸಲು ಹೋದಳು. ಗಾಲಿಯೊಳಗಿಂದ ಬಂತು ನೋಡಿ.

ಕೊಂಯ್ಯ್ಯ್!

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅಮರೇಶ ಹೊರಗೆ ಬಂದ. "ಕೇಳ್ತಿಲ್ಲ? ಇದು ಅಳಾಕತ್ತದ!"

"ಮುಂಜಾನಿ ಹಂಗ ಅಂತದಪ್ಪ. ಎರಡು ಸಲ ಬ್ರೇಕ್ ಹಿಡದ್ರ ತಾನ ಹೋಗ್ತದ."

"ಕಂಡಕ್ಟರಿಗೆ ಹೇಳಾಕ ಬರ್ತೀಯಲ್ಲ!"

ಅಪ್ಪ ಮಗಳು ವಾದ ಮಾಡುತ್ತಾ ನಾಷ್ಟಾಕ್ಕೆ ಮಾಡಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಒಳಗೆ ಹೋದರು. ನಾನು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಲಿಯೊಳಗೆ ಕಣ್ಣು ಹಾಕಿದೆ. ಒಳಗೆ ರೊಟ್ಟಿ ಹಂಚಿನಂಥ ಒಂದು ಕಬ್ಬಿಣದ ತಟ್ಟೆ. ಅದರ ತುಂಬ ಕೆಂಪು ತುಕ್ಕು! ಪಾಪ, ಕೂಗದೆ ಏನು ಮಾಡೀತು?

ಮಷಿನ್ನಿನ ಎಣ್ಣೆ ಡಬ್ಬಿ ತಂದೆ. ಕೊಕ್ಕರೆ ಮೂತಿಯಂಥ ಅದರ ಉದ್ದನೆಯ ಮೂತಿ ಗಾಲಿಯ ಸಂದಿಯಲ್ಲಿ ಸರಿಯಾಗಿ ಹೊಕ್ಕಿತು. ಹೊಲಿಗೆ ಮಷಿನ್ ಮಾಡಿದವರೂ ಕಾರು ಮಾಡಿದವರೂ ಮೊದಲೇ ಕೂತು ಮಾತಾಡಿಕೊಂಡಿದ್ದರು ಎನ್ನಬೇಕು, ಹಾಗೆ! ಮಷಿನ್ನಿಗೆ ದಿನಕ್ಕೆ ಎಂಟು ಹನಿ. ಕಾರು ಅದಕ್ಕಿಂತ ಎಷ್ಟು ದೊಡ್ಡದು! ಡಬ್ಬಿ ಖಾಲಿಯಾಯಿತು. ಇನ್ನೊಂದು ಸಲ ತುಂಬಿಸಿ ತಂದೆ. ಕಡ್ಡಿಗೆ ಬಟ್ಟೆ ಸುತ್ತಿ, ನಾಲ್ಕೂ ಗಾಲಿಯ ತಟ್ಟೆಗೆ ಮುಂದೆ ಹಿಂದೆ ಸವರಿ ಕನ್ನಡಿ ಮಾಡಿದೆ. ಸ್ವಲ್ಪ ಎಣ್ಣೆ ಮಿಕ್ಕಿತು. ಚೆಲ್ಲುವುದು ಯಾಕೆ? ಗಾಜು ಒರೆಸುವ ವೈಪರಿಗೆ ಹಚ್ಚಿದೆ. ಕಾಲಲ್ಲಿ ಒತ್ತುವ ಮೂರಕ್ಕೂ ಹಚ್ಚಿದೆ. ಕಾಲಲ್ಲಿ ತುಳಿಯುವ ಜಾಗ ಹಗುರವಿರಬೇಕು ಎಂಬುದು ನನ್ನ ನಲವತ್ತು ವರ್ಷದ ಅನುಭವ.

ಇನ್ನೊಂದು ಸಲ ಕೊಂಯ್ ಅಂದರೆ ಸೀದಾ ರಾಯಚೂರಿಗೇ ಎಂದು ಅಮರೇಶ ಗದರಿಸಿದ ಮೇಲೆ ಹತ್ತು ಗಂಟೆಗೆ ಹೊರಟೆವು. ಸವಿತಾ ಸ್ಟೇರಿಂಗಿಗೆ, ಪಕ್ಕದಲ್ಲಿ ಅಮರೇಶ. ಹಿಂದೆ ನಾನು, ಸೊಸೆ, ನಮ್ಮ ಯಜಮಾನರು. ಯಜಮಾನರಿಗೆ ಕಣ್ಣು ಸ್ವಲ್ಪ ಮಂಜು. ಕಾರು ಸದ್ದಿಲ್ಲದೆ ಹೊರಟಿತು.

"ಏನಪ್ಪ ಕಂಡಕ್ಟರ್, ಸಪ್ಪಳ ಎಲ್ಲಿ ಹೋತು?" ಎಂದು ಹಿಂದಿನಿಂದ ಕೇಳಿದೆ. ಅಮರೇಶ ಕಿವಿಗೊಟ್ಟು ಕೇಳಿ, ಹೌದು ಎಂದು ತಲೆ ಅಲ್ಲಾಡಿಸಿದ. ನನ್ನ ಎದೆ ಒಂದು ಗೇಣು ಉಬ್ಬಿತು.

ಓಣಿಯ ತಿರುವಿನಲ್ಲಿ ಅಮೀನಾ ಬೀ ಮನೆ. ಮನೆ ಮುಂದೆ ಅವಳ ಎಮ್ಮೆ, ಎಮ್ಮೆಯ ಪಕ್ಕ ಆಗಷ್ಟೇ ಇಳಿಸಿದ ಭತ್ತದ ಹುಲ್ಲಿನ ಗುಡ್ಡ. ಅಲ್ಲಿ ಸವಿತಾ ಬ್ರೇಕ್ ಒತ್ತಿದಳು.

ಸಪ್ಪಳ ನಿಂತಿತ್ತು. ಕಾರು ನಿಲ್ಲಲಿಲ್ಲ!

ಅವಳ ಕಾಲು ಜಾರಿತು. ಮತ್ತೆ ಒತ್ತಿದಳು. ಹ್ಯಾಂಡ್ ಬ್ರೇಕ್ ಎಳೆದಳು. ಕಾರು ಯಾವ ಗಡಿಬಿಡಿಯನ್ನೂ ಮಾಡದೆ, ಮದುವೆ ಮೆರವಣಿಗೆಯ ಗತ್ತಿನಲ್ಲಿ ನಡೆದುಹೋಗಿ ಹುಲ್ಲಿನ ಗುಡ್ಡದೊಳಗೆ ಪ್ರವೇಶ ಮಾಡಿತು. ಒಳಗೆಲ್ಲ ಕತ್ತಲಾಯಿತು. ಸವಿತಾ ವೈಪರ್ ಹಾಕಿದಳು. ಅದು ಎಣ್ಣೆಯನ್ನೂ ಹುಲ್ಲನ್ನೂ ಕಲಸಿ ಗಾಜಿಗೆ ಅಚ್ಚುಕಟ್ಟಾಗಿ ಸಾರಿಸಿತು.

"ಚೀಕಲಪರ್ವಿ ಬಂತೇನು?" ಎಂದು ಯಜಮಾನರು ಕೇಳಿದರು.

"ಅರೆ ಅಲ್ಲಾ!" ಹೊರಗೆ ಅಮೀನಾ ಬೀ ಕೂಗು. "ಸಬ್ ಠೀಕ್ ಹೈ ನಾ? ಯಾರಿಗೂ ಪೆಟ್ಟಾಗಿಲ್ಲಲ್ಲ ಅಕ್ಕಾ? ಇಷ್ಟಗಲ ರಸ್ತಾ ಬಿಟ್ಟು ನನ್ನ ಎಮ್ಮಿ ಮೇವಿನಾಗ ಬಂದೀರಲ್ಲ!"

ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. ಎಮ್ಮೆ ಬಂದು ಬಾನೆಟ್ ಮೇಲಿನ ಹುಲ್ಲು ತಿನ್ನಲು ಶುರು ಮಾಡಿತು.

ಅಮರೇಶ ಇಳಿದು ಮೈ ಕೊಡವಿಕೊಂಡ. "ಬ್ರೇಕ್ ಫೇಲ್! ಮುಗೀತು. ಸಂಜಿ ಐದಕ್ಕ ಇದು ವಾಪಸ್."

ಸವಿತಾ ವಾದ ಮಾಡಲಿಲ್ಲ. "ಆತಪ್ಪ. ಐದು ಜೀವ ಕೂತಿದ್ವು," ಎಂದಷ್ಟೇ ಹೇಳಿ ಹಿಂದಿನ ಬಾಗಿಲು ಎತ್ತಿ, ತನ್ನ ಔಷಧಿ ಪೆಟ್ಟಿಗೆ ಹೊರಗಿಟ್ಟಳು. ಆಮೇಲೆ ಕೊಟ್ಟಿಗೆಗೆ ಹಾಕುವ ರಬ್ಬರ್ ಬೂಟು ತೆಗೆದಳು. ಒಂದನ್ನು ನೆಲಕ್ಕಿಟ್ಟಳು. ಇನ್ನೊಂದನ್ನೂ ಇಟ್ಟಳು. ನನಗೆ ನೋಡಲಾಗಲಿಲ್ಲ.

"ಹುಲ್ಲಿಂದೂ ತಪ್ಪಿರಬಹುದು," ಎಂದೆ.

ಅಷ್ಟರಲ್ಲಿ ಮೆಕ್ಯಾನಿಕ್ ಖಾಜಾನನ್ನು ಕರೆಸಿದರು. ಅವನು ಗಾಲಿ ಬಿಚ್ಚಿ, ತಟ್ಟೆಯ ಮೇಲೆ ಬೆರಳಾಡಿಸಿ, ಮೂಗಿಗೆ ಹಿಡಿದ.

"ಎಣ್ಣಿ! ಬ್ರೇಕಿನ ತಟ್ಟಿಗೆ ಯಾರೋ ಎಣ್ಣಿ ಹಚ್ಯಾರ್ರಿ! ಇದು ಗಾಲಿ ಹಿಡದು ನಿಲ್ಸೋ ಜಾಗ, ಒಣಾ ಇರ್ಬೇಕು. ಎಣ್ಣಿ ಹಚ್ಚಿದ್ರ ಹೆಂಗ ಹಿಡೀತದ?"

ಅಮರೇಶನ ಕಣ್ಣು ಕೆಂಪಾಯಿತು. "ತಿಳೀತು! ಸಪ್ಪಳ ಕೇಳಬಾರದಂತ ಎಣ್ಣಿ ಹಚ್ಚಿ ನಮಗ ಕಟ್ಯಾನ ಆ ಅಂಗಡಿಯಂವ!" ಎಂದವನೇ ಫೋನು ಹಚ್ಚಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಮೇಲಿಟ್ಟ. "ಏನ್ರೀ, ಮನಿಮಂದಿನೆಲ್ಲ ಕೊಲ್ಲಾಕ ನಿಂತೀರೇನು? ಪೊಲೀಸರಿಗೆ ಕಂಪ್ಲೇಂಟ್ ಕೊಡ್ತೀನಿ!"

"ಇಲ್ರೀ ಸರ, ನನ್ನ ಮಕ್ಕಳಾಣಿ, ನಾವು ಎಣ್ಣಿ ಹಚ್ಚಿಲ್ರೀ!" ರಾಯಚೂರಿನಿಂದ ಆ ಮನುಷ್ಯ ಗೋಗರೆಯುತ್ತಿದ್ದ.

ನಾನು ಎಮ್ಮೆಯ ಮರೆಗೆ ನಿಂತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಮಷಿನ್ ಅಜ್ಜಿ ಎಂಬ ಹೆಸರು ಉಳಿಯುತ್ತದೆ, ಕಾರು ಹೋಗುತ್ತದೆ. ಬಾಯಿ ಬಿಟ್ಟರೆ ಓಣಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಅಲ್ಲಿ ಯಾರದೋ ಮಕ್ಕಳ ಮೇಲೆ ಆಣೆ ಬೇರೆ ಬಿದ್ದಿತ್ತು. ಇಲ್ಲಿ ನೆಲದ ಮೇಲೆ ನನ್ನ ಮೊಮ್ಮಗಳ ಬೂಟು.

"ಅವರನ್ನ ಬೈಬ್ಯಾಡೋ ಅಮರೇಶ," ಎಂದೆ. "ಎಣ್ಣಿ ಹಚ್ಚಿದಾಕಿ ನಾನು."

ಎಮ್ಮೆ ಹುಲ್ಲು ಅಗಿಯುವುದೊಂದೇ ಕೇಳುತ್ತಿತ್ತು. ಆಗ ಫೋನಿನೊಳಗಿಂದ ಮೆಲ್ಲಗೆ ಮಾತು ಬಂತು.

"ಸರ, ಅಮ್ಮಾರು ಇನ್ನ ಎಲ್ಲೆಲ್ಲಿ ಹಚ್ಯಾರ, ಒಮ್ಮಿ ಕೇಳ್ರಿ."

ಅಮರೇಶ ವಿಚಾರಣೆ ಶುರು ಮಾಡಿದ.

"ಎಷ್ಟು ಗಾಲಿಗೆ ಬೇ ಯವ್ವಾ?"

"ನಾಕಕ್ಕೂ."

"ಮತ್ತ?"

"ವೈಪರಿಗೆ."

"ಮತ್ತ?"

"ಕಾಲಾಗ ಒತ್ತತಾಳಲ್ಲ... ಮೂರಕ್ಕೂ."

ಖಾಜಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು, "ಅಮ್ಮಾ, ರಾತ್ರಿ ಗಾಡಿ ಒದ್ದಿ ಇತ್ತೇನು?" ಎಂದು ಕೇಳಿದ. ನೀರು ಹೊಯ್ದದ್ದು, ಕೌದಿ ಹೊದಿಸಿದ್ದು ಹೇಳಿದೆ. ಅದಕ್ಕೇ ತುಕ್ಕು ಬಂದದ್ದಂತೆ, ತುಕ್ಕಿಗೇ ಕೊಂಯ್ ಎಂದದ್ದಂತೆ. ಸವಿತಾ ಹೇಳಿದಂತೆ ಎರಡು ಸಲ ಬ್ರೇಕ್ ಹಿಡಿದಿದ್ದರೆ ತಾನಾಗಿಯೇ ಹೋಗುತ್ತಿತ್ತಂತೆ! ಅಂದರೆ ಕಾರನ್ನು ಕೂಗಿಸಿದವಳೂ ನಾನೇ, ಬಾಯಿ ಮುಚ್ಚಿಸಿದವಳೂ ನಾನೇ.

ತಟ್ಟೆಯನ್ನು ಹಿಡಿದು ನಿಲ್ಲಿಸುವ ಪ್ಯಾಡುಗಳು ಎಣ್ಣೆ ಕುಡಿದಿವೆ, ಅವನ್ನು ಬದಲಿಸಲೇಬೇಕು ಎಂದ ಖಾಜಾ. ನನಗೆ ಸಣ್ಣದೊಂದು ಆಸೆ ಹುಟ್ಟಿತು.

"ಹೆಂಗಿದ್ರೂ ಹಳೇವು ಇದ್ದಾವು, ಬದಲಿ ಮಾಡೂದಿತ್ತು, ಹೌದಿಲ್ಲೋ?"

"ಇಲ್ಲಮ್ಮಾ. ಹೊಸಾವು. ಮಾರಾಕಿಂತ ಮೊದ್ಲ ಹಾಕ್ಸ್ಯಾರ."

ನಾನು ಮತ್ತೆ ಎಮ್ಮೆಯ ಮರೆಗೆ ಸರಿದೆ.

ಇನ್ನೆಲ್ಲಿ ಎಣ್ಣೆ ಇದೆಯೋ ಎಂದು ಖಾಜಾ ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಂಜಿನ್ ನೋಡಿದ, ಗೇರು ನೋಡಿದ, ಕೆಳಗೆ ಮಲಗಿ ನೋಡಿದ. ನನ್ನ ಕೈ ಮುಟ್ಟದ ಜಾಗವೆಲ್ಲ ಗಟ್ಟಿಮುಟ್ಟಾಗಿತ್ತು! ಅಮರೇಶ ಮೀಸೆ ತಿರುವಿದ. ಅಂಗಡಿಯವನಿಗೆ ಮತ್ತೆ ಫೋನು ಹಚ್ಚಿ, "ತಪ್ಪಾತ್ರೀ," ಎಂದ. ಆಮೇಲೆ ತನ್ನ ಜೊತೆಯ ಕಂಡಕ್ಟರಿಗೆ ಇನ್ನೊಂದು ಫೋನು ಮಾಡಿದ. "ಲೇ ಬಸಣ್ಣ, ರಾಯಚೂರ್ ಸ್ಟ್ಯಾಂಡಿನಾಗ ಇದ್ದೀಯೇನು? ಒಂದು ಸೆಟ್ ಬ್ರೇಕ್ ಪ್ಯಾಡ್ ತಗೊಂಡು ನಿನ್ನ ಬಸ್ಸಿನಾಗ ಹಾಕ್ಕೊಂಡು ಬಾ."

ಸವಿತಾ ಬೂಟುಗಳನ್ನು ಎತ್ತಿ ಮತ್ತೆ ಕಾರಿನೊಳಗೆ ಇಟ್ಟಳು.

ಪ್ಯಾಡು ಬಂತು. ಖಾಜಾ ತಟ್ಟೆ ತೊಳೆದ, ಕಾಲಲ್ಲಿ ಒತ್ತುವವನ್ನು ಸೋಪು ಹಾಕಿ ತಿಕ್ಕಿದ. ಅಪ್ಪ ಮಗಳು ಊರ ಹೊರಗೆ ಹೋಗಿ ಹತ್ತು ಸಲ ನಿಲ್ಲಿಸಿ, ಹತ್ತು ಸಲ ಓಡಿಸಿ ಬಂದರು. ಐದು ಗಂಟೆ ಆಗಿ ಹೋಗಿತ್ತು. ಗಡಿಯಾರ ನೋಡಿದವಳು ನಾನೊಬ್ಬಳೇ.

"ಗಾಡಿ ಛಲೋ ಅದ," ಎಂದ ಅಮರೇಶ. "ಮನ್ಯಾಗಿನ ಮಂದಿನ ಸರಿ ಇಲ್ಲ."

ಆ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸುತ್ತ ಕೂತು ಉಂಡೆವು. ಸೊಸೆ ಬಿಸಿ ರೊಟ್ಟಿ ಬಡಿದಿದ್ದಳು, ಪುಂಡಿಪಲ್ಯ ಮಾಡಿದ್ದಳು. ಹಾಳಾದ ಹುಲ್ಲಿನ ಲೆಕ್ಕ ಕೇಳಲು ಬಂದ ಅಮೀನಾ ಬೀ, ಒಂದು ಗಡಿಗೆ ಮೊಸರು ತಂದು ನಮ್ಮ ಜೊತೆಗೇ ಊಟಕ್ಕೆ ಕೂತಳು. ಯಜಮಾನರು ರೊಟ್ಟಿ ಮುರಿಯುತ್ತಾ ಕೇಳಿದರು, "ಅಲ್ಲಾ, ದಿನಾ ನನ್ನ ಮಣಕಾಲಿಗೆ ತಿಕ್ಕತೀಯಲ್ಲ, ಅದು ಯಾವ ಎಣ್ಣಿ?"

ಅಮೀನಾ ಬೀಗೆ ನಕ್ಕು ನಕ್ಕು ನೆತ್ತಿಗೇರಿತು. ಅವಳ ಬೆನ್ನು ಗುದ್ದಿದವಳು ನಾನೇ.

"ನಾಳಿ ನನ್ನ ಕೂಡ ಗಬ್ಬೂರಿಗೆ ಬರ್ತೀಯೇನಜ್ಜಿ? ಮುಂದ ಕುಂದರಸ್ತೀನಿ," ಎಂದಳು ಸವಿತಾ.

ಬರ್ತೀನಿ ಎಂದೆ. ನಾಲ್ಕು ಸಲ ಎಂದೆ.

"ಆದ್ರ ಮೊದ್ಲ ಕೈ ತೋರ್ಸು."

ಶಾಲೆಯಲ್ಲಿ ಮೇಷ್ಟ್ರು ಉಗುರು ನೋಡಲು ಬಂದಾಗ ಮಕ್ಕಳು ಹಿಡಿಯುತ್ತಾರಲ್ಲ, ಹಾಗೆ ಬಲಗೈ ಚಾಚಿ ಹಿಡಿದೆ. ಅದರಲ್ಲಿ ರೊಟ್ಟಿ ತುಂಡು ಇತ್ತು, ಅಷ್ಟೇ. ಎಡಗೈ ಸೆರಗಿನ ಮರೆಯಲ್ಲಿತ್ತು.

"ಇನ್ನೊಂದು ಕೈ?" ಎಂದು ಇಡೀ ಮನೆ ಒಂದೇ ದನಿಯಲ್ಲಿ ಕೇಳಿತು.